ಹುತ್ತರಿ ರಾತ್ರಿಯ ಗಮ್‌ಬೂಟು

ಕೇಳುಗರಿಗೆ ನಮಸ್ಕಾರ.

ಕಳೆದ ಹುತ್ತರಿಗೆ ಮಡಿಕೇರಿ ಹತ್ತಿರದ ಗೆಳೆಯರ ಮನೆಗೆ ಹೋಗಿದ್ದೆ. ಕದಿರು ತೆಗೆಯಲು ಗದ್ದೆಗೆ ಹೊರಡುವ ಹೊತ್ತು. ಎಲ್ಲರೂ ಅಂಗಳದಲ್ಲಿ. ಎರಡು ವರ್ಷದ ಪುಟ್ಟ ಮಾತ್ರ ಹೊಸಿಲ ಮೇಲೆ ಕೂತಿದ್ದಾನೆ. ಗಮ್‌ಬೂಟು ತಾನೇ ಹಾಕಿಕೊಳ್ಳಬೇಕಂತೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಯಾರಾದರೂ ಕೈ ಹಾಕಿದರೆ ಕಿರುಚಾಟ. "ಎಂಥ ಹಟ ಮಾರಾಯ!" ಅಂದರು ಎಂಬತ್ತಮೂರರ ಅಜ್ಜ.

ಎರಿಕ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಬರೀ ಹಟ ಅನ್ನುತ್ತಿರಲಿಲ್ಲ. ಅವರು 1950ರಲ್ಲಿ ಮುಂದಿಟ್ಟ ವಿಚಾರದಲ್ಲಿ ಹುಟ್ಟಿನಿಂದ ಮುಪ್ಪಿನವರೆಗೆ ಎಂಟು ಘಟ್ಟಗಳಿವೆ. ಒಂದೊಂದರಲ್ಲೂ ಒಂದು ಜಗ್ಗಾಟ. ಕೈಗೂಸಿಗೆ, ಈ ಲೋಕವನ್ನು ನಂಬಬಹುದಾ ಅನ್ನೋದು. ಅತ್ತಾಗ ಎತ್ತಿಕೊಳ್ಳುವವರಿದ್ದರೆ ನಂಬಿಕೆ ಬೇರೂರುತ್ತದೆ. ನಮ್ಮ ಪುಟ್ಟ ಎರಡನೆಯದರಲ್ಲಿದ್ದ. "ನಾನೇ ಮಾಡ್ತೀನಿ" ಅನ್ನೋದು ಒಂದು ಕಡೆ, ನಾಚಿಕೆ, ಅನುಮಾನ ಇನ್ನೊಂದು ಕಡೆ. ನಾವೇ ಬೂಟು ತೊಡಿಸಿದರೆ ಬೇಗ ಹೊರಡಬಹುದು, ಸರಿ. ದಿನಾ ಹಾಗೇ ಮಾಡಿದರೆ ತನ್ನ ಕೈಯಲ್ಲಿ ಏನೂ ಆಗದು ಅಂತ ಮಗುವಿಗೆ ಅನ್ನಿಸಿಬಿಡುತ್ತದೆ. ಆಮೇಲೆ ಆಟದ ವಯಸ್ಸು, ಶಾಲೆಯ ವಯಸ್ಸು.

ಐದನೆಯದು ಹರೆಯ. ಆ ಮನೆಯ ಹದಿನಾರರ ಹುಡುಗಿ ಬೆಂಗಳೂರಲ್ಲಿ ಓದುತ್ತಾಳೆ. ಅಲ್ಲಿ ಅವಳು "ಕೂರ್ಗ್ ಹುಡುಗಿ". ಊರಿಗೆ ಬಂದರೆ "ಬೆಂಗಳೂರಿನವಳು". "ನಾನು ಎಲ್ಲಿಯವಳು ಅಂಕಲ್?" ಅಂತ ನಗುತ್ತಲೇ ಕೇಳಿದಳು. ಈ ಪ್ರಶ್ನೆ ಎರಿಕ್ಸನ್ ಅವರನ್ನೂ ಬಿಟ್ಟಿರಲಿಲ್ಲ. ಹೆತ್ತ ತಂದೆ ಯಾರೆಂದು ಅವರಿಗೆ ಗೊತ್ತಾಗಲೇ ಇಲ್ಲ. ಮಲತಂದೆಯ ಹೆಸರಲ್ಲಿ ಬೆಳೆದರು. ಅಮೆರಿಕದ ಪ್ರಜೆಯಾದಾಗ ಎರಿಕ್ಸನ್ ಅಂತ ಹೆಸರು ಬದಲಿಸಿಕೊಂಡರು. ಅಂದರೆ ಎರಿಕ್‌ನ ಮಗ. ತನಗೆ ತಾನೇ ಮಗ, ನೋಡಿ! ನಾನು ಯಾರು ಅನ್ನುವ ಗೊಂದಲಕ್ಕೆ ಅವರು ಅಷ್ಟು ಪುಟ ಬರೆದದ್ದು ಸುಮ್ನೆ ಅಲ್ಲ.

ಆರನೆಯದು ಜೊತೆ ಹುಡುಕುವ ಯೌವನ. ಏಳು ಮತ್ತು ಎಂಟು ಆ ರಾತ್ರಿ ಒಂದೇ ಜಗಲಿಯಲ್ಲಿದ್ದವು. ಗೆಳೆಯನಿಗೆ ನಲವತ್ತೆಂಟು. ಮುಂದಿನವರಿಗೆ ಏನಾದರೂ ಬೆಳೆಸಿ ಕೊಡಬೇಕು, ಇಲ್ಲದಿದ್ದರೆ ನಿಂತ ನೀರಾಗುತ್ತೇನೆ ಅನ್ನಿಸುವ ವಯಸ್ಸು. ಕಾಫಿ ನಡುವೆ ಬೆಣ್ಣೆಹಣ್ಣು ಹಾಕಬೇಕು ಅಂತ ಅವನ ಆಸೆ. ಅಜ್ಜನದು ಎಂಟನೆಯದು. ಹಿಂತಿರುಗಿ ನೋಡಿದರೆ ಬದುಕಿದ್ದು ಸಾರ್ಥಕ ಅನ್ನಿಸುತ್ತದಾ, ಇಲ್ಲ ಬರೀ ಕೊರಗಾ? ತೋಟದ ಲೆಕ್ಕದ ಪುಸ್ತಕ ಇನ್ನೂ ಅಜ್ಜನ ದಿಂಬಿನ ಕೆಳಗೇ. ಮಗ ಗೊಬ್ಬರಕ್ಕೂ ಅವರ ಹತ್ತಿರವೇ ಕೇಳಬೇಕು.

ನನ್ನ ಮಟ್ಟಿಗೆ ಈ ಘಟ್ಟಗಳು ಏಣಿಯ ಮೆಟ್ಟಿಲುಗಳಲ್ಲ. ಹತ್ತಿದ್ದು ಮುಗಿಯಿತು ಅನ್ನುವಂತಿಲ್ಲ. ಎರಿಕ್ಸನ್ 1994ರಲ್ಲಿ ತೀರಿಕೊಂಡರು. ಹೆಂಡತಿ ಜೋನ್ ತೊಂಬತ್ತು ದಾಟಿದ ಮೇಲೆ ಒಂಬತ್ತನೆಯ ಘಟ್ಟವೊಂದನ್ನು ಸೇರಿಸಿದರು. 1997ರಲ್ಲಿ ಅದು ಅಚ್ಚಾಯಿತು. ಮೈ ಮಾತು ಕೇಳದ ಇಳಿವಯಸ್ಸಿನಲ್ಲಿ ಹಳೆಯ ಜಗ್ಗಾಟಗಳೆಲ್ಲ ಮತ್ತೆ ಎದುರಾಗುತ್ತವೆ ಅಂತ ಆಕೆ ಬರೆದರು. ಅನುಭವದ ಮಾತು ಅಲ್ವಾ?

ಗದ್ದೆಯ ಏರಿ ಇಳಿಯುವಾಗ ಗೆಳೆಯ ಅಪ್ಪನ ತೋಳು ಹಿಡಿದ. ಅಜ್ಜ ಕೊಸರಿಕೊಂಡರು. "ಬಿಡು, ನಾನೇ ಇಳೀತೀನಿ." ಹಿಂದೆ ಪುಟ್ಟ, ಅದಲು ಬದಲಾದ ಬೂಟಿನಲ್ಲಿ ತಪ ತಪ ಅಂತ ಬರುತ್ತಿದ್ದ. "ಪೊಲಿ ಪೊಲಿ ದೇವಾ" ಅಂತ ಕೂಗಿದಾಗ ಇಬ್ಬರ ದನಿಯೇ ಜೋರು.