ಸುಸ್ತಿಗೆ ತಾಯ್ತನ ಅಂತ ಹೆಸರಿಡಬೇಡಿ

ಎಲ್ರಿಗೂ ನಮಸ್ಕಾರ. ಮುಂಬೈ ಮಾಟುಂಗದ ಈ ಹಾಲ್‌ನಲ್ಲಿ ಹುಡುಗಿಯಾಗಿದ್ದಾಗ ಭಾವಗೀತೆ ಹಾಡಿದ್ದೆ, ಇವತ್ತು ಓಟದ ಬಗ್ಗೆ ಮಾತಾಡು ಅಂತ ಕರೆದಿದ್ದೀರಿ. ಮುಂದಿನ ಸಾಲಲ್ಲಿ ನಮ್ಮ ಅತ್ತೆ ಕೂತಿದ್ದಾರೆ, ಹಾಗಾಗಿ ಒಂದು ಮಾತೂ ಜಾಸ್ತಿ ಸೇರಿಸೋ ಹಾಗಿಲ್ಲ.

ಮಗಳಿಗೆ ಎಂಟು ತಿಂಗಳಾದಾಗ ಫೈವ್ ಗಾರ್ಡನ್ಸ್‌ನಲ್ಲಿ ಮತ್ತೆ ಓಡೋಕೆ ಶುರು ಮಾಡಿದೆ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕುಡಿಸಿ ಮಗೂನ ಅತ್ತೆ ಮಗ್ಗುಲಲ್ಲಿ ಮಲಗಿಸಿ ಮೆಟ್ಟಿಲು ಇಳಿಯೋದು, ಎದೆ ತುಂಬಿದ್ದಾಗ ಓಡಿದ್ರೆ ಎಷ್ಟು ನೋವು ಅಂತ ಇಲ್ಲಿರೋ ತಾಯಂದಿರಿಗೆ ಹೇಳ್ಬೇಕಾಗಿಲ್ಲ. ಮೊದಲು 10 ಕಿಲೋಮೀಟರ್ ಆರಾಮಾಗಿ ಓಡ್ತಿದ್ದವಳಿಗೆ ಎರಡನೇ ಸುತ್ತಿಗೇ ಏದುಸಿರು. ಡಾಕ್ಟರ್ ಒಬ್ಬರ ಹತ್ರ ಹೋದ್ರೆ 'ಮಗು ಚಿಕ್ಕದು, ಸುಸ್ತು ಇದ್ದೇ ಇರುತ್ತೆ, ಓಟ ಬಿಡಿ' ಅಂದ್ರು, ರಕ್ತ ಪರೀಕ್ಷೆ ಬರೀಲೇ ಇಲ್ಲ. ನಾನೂ ನಂಬಿದೆ. ನಾಲ್ಕು ತಿಂಗಳು ಶೂ ಮಂಚದ ಕೆಳಗೆ.

ಆಗ ಬಿಲ್ಡಿಂಗ್‌ನಲ್ಲಿ, ಮನೇಲಿ ಎಲ್ರಿಗೂ ನಾನು ಮಗಳ ಅಮ್ಮ ಅಷ್ಟೇ, ಅದು ನನಗೆ ಇಷ್ಟಾನೇ. ಆದ್ರೆ ಒಂದಿನ ಪ್ರ್ಯಾಮ್ ತಳ್ಕೊಂಡು ಹೋಗ್ತಿದ್ದೆ, ಗಾರ್ಡನ್ ಪಕ್ಕದ ಚಾಯ್‌ವಾಲಾ 'ದೀದಿ, ದೌಡ್ನಾ ಬಂದ್?' ಅಂದ, ಅಕ್ಕಾ, ಓಡೋದು ನಿಂತೋಯ್ತಾ ಅಂತ. ಮನೆಗೆ ಬಂದು ಅತ್ತೆ ಮುಂದೆ ಅತ್ತುಬಿಟ್ಟೆ. ಅವರು ಏನೂ ಹೇಳ್ಲಿಲ್ಲ, ಮಾರನೇ ದಿನ ಲ್ಯಾಬಿಗೆ ಕರ್ಕೊಂಡು ಹೋದ್ರು.

ಹಿಮೋಗ್ಲೋಬಿನ್ 8.9! ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ರೇನೇ ರಕ್ತಹೀನತೆ. ರಕ್ತದಲ್ಲಿ ಆಕ್ಸಿಜನ್ ಹೊರೋದೇ ಹಿಮೋಗ್ಲೋಬಿನ್, ಅದಿಲ್ದೆ ಕಾಲು ಏಳುತ್ತಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ, ಆ ಲೆಕ್ಕದಲ್ಲಿ ಇಲ್ಲಿ ಅಕ್ಕಪಕ್ಕ ಕೂತಿರೋ ಇಬ್ಬರಲ್ಲಿ ಒಬ್ಬರಿಗೆ. ಅದಕ್ಕೆ ನಾವು ತಾಯ್ತನ ಅಂತ ಹೆಸರಿಟ್ಟು ಸುಮ್ನಿದ್ದೀವಿ. ಸುಸ್ತಿಗೆ ಕಾರಣ ಇರುತ್ತೆ, ಹುಡುಕಿಸಿ!

ನನಗೆ ಐರನ್ ಮಾತ್ರೆ, ಊಟದ ಜೊತೆ ಚಹಾ ಬಂದ್, ಯಾಕಂದ್ರೆ ಚಹಾ ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ, ಮತ್ತೆ ಪಕ್ಕದ ಮನೆ ಕಾಕು ಕಟ್ಟಿಕೊಟ್ಟ ಅಳೀವ್ ಲಾಡು, ಅಂದ್ರೆ ಆಳ್ವಿ ಬೀಜದ ಉಂಡೆ.

ಬ್ರಿಟನ್ನಿನ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್ 2007ರ ಜನವರಿಯಲ್ಲಿ ಮಗಳನ್ನ ಹೆತ್ತು ಅದೇ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ರು ಅಂತ ನನಗೆ ಬಹಳ ಜನ ಹೇಳಿದ್ರು. ಮಧ್ಯೆ ಅವರ ಬೆನ್ನಿನ ಕೆಳಭಾಗದ ಮೂಳೇಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದ್ರೆ ಒತ್ತಡಕ್ಕೆ ಸಣ್ಣ ಬಿರುಕು ಆಗಿತ್ತು, ಅದನ್ನೂ ಸೇರಿಸಿ ಹೇಳ್ಬೇಕು ದಯವಿಟ್ಟು.

ಟೈಮ್ ಆಯ್ತು ಅಂತ ಸರ್ ಚೀಟಿ ಕಳಿಸಿದ್ದಾರೆ. ನಿದ್ದೆ ಬಗ್ಗೆ, ಪೆಲ್ವಿಕ್ ಫ್ಲೋರ್ ಅಂದ್ರೆ ಗರ್ಭಕೋಶ, ಮೂತ್ರಕೋಶ ಹಿಡಿದಿಡೋ ಕೆಳಗಿನ ಸ್ನಾಯುಗಳ ಬಗ್ಗೆ ಬರ್ಕೊಂಡು ಬಂದಿದ್ದೆ, ಓಡುವಾಗ ಮೂತ್ರ ಸೋರಿದ್ರೆ ನಾಚ್ಕೋಬೇಡಿ, ಫಿಸಿಯೋಗೆ ತೋರಿಸಿ, ಅಷ್ಟು ಹೇಳಿ ಮುಗಿಸ್ತೀನಿ.

ಅದರ ಮುಂದಿನ ವರ್ಷದ ಜನವರಿಯಲ್ಲಿ ಮುಂಬೈ ಹಾಫ್ ಮ್ಯಾರಥಾನ್ ಓಡಿದೆ, 21 ಕಿಲೋಮೀಟರ್. ಎದೆ ಮೇಲೆ ಅಂಟಿಸೋ ನಂಬರ್ ಚೀಟಿ, ಬಿಬ್‌ನಲ್ಲಿ ಹೆಸರು ಪ್ರಿಂಟ್ ಆಗಿರುತ್ತಲ್ಲ, ಪೆಡ್ಡರ್ ರೋಡ್ ಏರಿನಲ್ಲಿ ಗುರುತು ಪರಿಚಯ ಇಲ್ಲದವರೆಲ್ಲ ನನ್ನ ಹೆಸರು ಓದಿ ಕೂಗ್ತಿದ್ರು. ಅಲ್ಲೇ ಫುಟ್‌ಪಾತ್ ಮೇಲೆ ಮಗಳನ್ನ ಎತ್ಕೊಂಡು ಅತ್ತೆ ನಿಂತಿದ್ರು. ಅವರೂ ನನ್ನ ಹೆಸರು ಹಿಡಿದೇ ಕೂಗಿದ್ರು.