ಲಕ್ಕುಂಡಿ, ಧಾರವಾಡ ಒಂದೇ ದಿನದಲ್ಲಿ: ಗುಡಿ ಸಿಕ್ಕಿತು, ಬಸ್ಸೇ ಸಿಗಲಿಲ್ಲ

ಹಾಂ, ಇದು ಗದಗ ಬಸ್ ಸ್ಟ್ಯಾಂಡ್. ಹುಬ್ಬಳ್ಳಿಯಿಂದ ಇಲ್ಲಿವರೆಗೆ ಆರಾಮಾಗಿ ಬಂದೆವು. ಶಕ್ತಿ ಯೋಜನೆ ಇದೆಯಲ್ಲ, ನನಗೂ ಚಿಗವ್ವಗೂ ಟಿಕೆಟ್ ಪುಕ್ಕಟೆ. ಗೋಳು ಶುರುವಾಗಿದ್ದು ಇಲ್ಲಿಂದ ಮುಂದೆ.

ಲಕ್ಕುಂಡಿ ಇಲ್ಲಿಂದ ಸುಮಾರು 12 ಕಿ.ಮೀ. ಕೊಪ್ಪಳ, ಹೊಸಪೇಟೆ ಕಡೆ ಹೋಗೋ ಬಸ್ಸುಗಳು ಆ ಊರಿನ ಮಗ್ಗುಲಲ್ಲೇ ಹಾದು ಹೋಗುತ್ತವೆ. ಹತ್ತಿ ಕೂತರೆ, "ಲಕ್ಕುಂಡಿ ಸ್ಟಾಪ್ ಇಲ್ರೀ, ಇಳೀರಿ." ಇನ್ನೊಂದಕ್ಕೆ ಹತ್ತಿದೆವು, ಅಲ್ಲೂ ಅದೇ ಮಾತು. ಸಾವಿರ ವರ್ಷದ ಗುಡಿಗಳಿರೋ ಊರು ರೀ ಅದು, ಎರಡು ನಿಮಿಷ ನಿಲ್ಲಿಸಿದರೆ ಏನು ಹೋಗುತ್ತೆ? ಆಟೋದವರು ಹೋಗಿ ಬರೋಕೆ ಆರುನೂರು ಅಂದರು. ಚಿಗವ್ವ ಸಿಟ್ಟಾದಳು. "ಪುಕ್ಕಟೆ ಬಸ್ಸು ಇರೂವಾಗ ಆರುನೂರು ಯಾಕ ಕೊಡಬೇಕ? ನಾ ಇಲ್ಲೇ ಕುಂದರ್ತೀನಿ." ಕೊನೆಗೆ ಹಳ್ಳಿಹಳ್ಳಿಗೆ ನಿಲ್ಲೋ ಬಸ್ಸಿಗೆ ಕಾದು, ಅದರಲ್ಲಿ ಕಾಲಿಡೋಕೂ ಜಾಗ ಇಲ್ಲದೆ ನಿಂತೇ ಹೋದೆವು. ಇಷ್ಟುದ್ದ ಯಾಕೆ ಹೇಳ್ತಿದ್ದೀನಿ ಅಂದ್ರೆ, ಸ್ವಂತ ಗಾಡಿ ಇಲ್ಲದವರು, ಮೊಣಕಾಲು ನೋವಿರೋ ವಯಸ್ಸಾದವರು ಈ ಊರು ನೋಡಬೇಕಾದರೆ ಮೊದಲು ಬಸ್ಸು ನಿಲ್ಲಬೇಕು. ಬೋರ್ಡು, ಲೈಟು ಆಮೇಲೆ ಹಾಕಲಿ.

ಆಯ್ತು, ಗುಡಿ ಬಂತು. ಕಾಶಿವಿಶ್ವೇಶ್ವರ. ಈ ಬಾಗಿಲು ನೋಡಿ, ಹತ್ತಿರ ಹೋಗ್ತೀನಿ. ಚೌಕಟ್ಟಿನ ಮೇಲೆ ಪಟ್ಟಿ, ಅದರ ಪಕ್ಕ ಇನ್ನೊಂದು ಪಟ್ಟಿ. ಬಳ್ಳಿಯ ಸುರುಳಿ ಸುರುಳಿಯಲ್ಲೂ ಕೆಲಸ, ಖಾಲಿ ಜಾಗವೇ ಇಲ್ಲ. ಬಳಪದ ಕಲ್ಲು, ಮೆತ್ತಗಿರುತ್ತೆ, ಅದಕ್ಕೇ ಇಷ್ಟು ಸಣ್ಣ ಕೆತ್ತನೆ ಆಗಿದೆ. ಎದುರಿಗೆ ಸೂರ್ಯನ ಗುಡಿ, ಶಿವನೂ ಸೂರ್ಯನೂ ಮುಖಾಮುಖಿ. ಹಂಪಿಯಲ್ಲೂ ಇಂಥ ಬಾಗಿಲು ಇಲ್ಲ. ಬೇಕಾದರೆ ಜಗಳಕ್ಕೆ ಬನ್ನಿ.

ಇದು ಬ್ರಹ್ಮ ಜಿನಾಲಯ. ಆ ಬಾಗಿಲು ನೋಡಿ ಬಂದ ಕಣ್ಣಿಗೆ ಇದು ಸಪ್ಪೆ ಅನಿಸಿತು, ಗೋಡೆ ಮೇಲೆ ಕೆತ್ತನೆ ಕಡಿಮೆ. ಆದರೆ 1007ರಲ್ಲಿ ಇದನ್ನು ಕಟ್ಟಿಸಿದ್ದು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣ ಉಳಿಯಲಿ ಅಂತ ಸಾವಿರ ಪ್ರತಿ ಬರೆಸಿ ಹಂಚಿದ ಹೆಣ್ಣುಮಗಳು. ಪ್ರೆಸ್ಸಿಲ್ಲದ ಕಾಲ, ಒಂದೊಂದು ಪ್ರತಿಯನ್ನೂ ಕೈಯಲ್ಲೇ ಬರೆಯಬೇಕಿತ್ತು. ರನ್ನನಿಗೂ ಆಸರೆ ಆದವಳು ಅವಳೇ. ಇದನ್ನೆಲ್ಲ ನೆನೆಸಿಕೊಂಡು ಒಳಗೆ ನಿಂತೆ ನೋಡಿ, ಈಗ ಆ ಬಾಗಿಲಿಗಿಂತ ನನಗೆ ಇದೇ ಜಾಸ್ತಿ ಇಷ್ಟ. ಚಿಗವ್ವ ನಾಲ್ಕು ಮುಖದ ಬ್ರಹ್ಮನ ಮುಂದಿನಿಂದ ಕದಲಲೇ ಇಲ್ಲ.

ಮುಸುಕಿನ ಬಾವಿ. ಮೆಟ್ಟಿಲ ಪಕ್ಕ ಪುಟ್ಟ ಪುಟ್ಟ ಗೂಡು, ಒಂದೊಂದೂ ಗುಡಿಯ ಹಾಗೇ ಇದೆ. ಚಿಗವ್ವ ಮೇಲೇ ಕೂತಳು.

ಈಗ ಧಾರವಾಡ. ಹುಬ್ಬಳ್ಳಿಯವರಿಗೆ ಧಾರವಾಡ ಅಂದ್ರೆ ಕೋರ್ಟು, ಕಾಲೇಜು, ಪೇಡೆ, ಅಷ್ಟೇ. ಬ್ರಿಟಿಷರ ಕಾಲದ ಕಟ್ಟಡ ನೋಡೋಕೆ ಅಂತ ಯಾರು ಬರ್ತಾರೆ? ನನಗೂ ಆಸಕ್ತಿ ಇರಲಿಲ್ಲ. ಇದು ಕರ್ನಾಟಕ ಕಾಲೇಜು, ಶುರುವಾಗಿದ್ದು 1917ರಲ್ಲಿ. ಅದಕ್ಕೂ ಮೊದಲು ಈ ಕಟ್ಟಡ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿತು, ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. ರೈಲ್ವೆ ಅಂದ್ರೆ ಹುಬ್ಬಳ್ಳಿ ಅಂತ ಬೀಗೋ ನಮಗೆ ಇದು ಗೊತ್ತಿರಬೇಕಿತ್ತು. ಚಿಗವ್ವ ಇಲ್ಲೇ ಬಿ.ಎ. ಓದಿದವಳು. "ನಮಗ ಯಾರೂ ಹೇಳಲೇ ಇಲ್ಲಲ್ಲ" ಅಂತ ಕಮಾನು ನೋಡ್ತಾ ನಿಂತಳು.

ಕೊನೇ ಜಾಗ, ಥ್ಯಾಕರೆ ಸ್ಮಾರಕ ಸ್ತಂಭ. 1824ರಲ್ಲಿ ಕಿತ್ತೂರಿನ ಮೇಲೆ ಹೋಗಿ ಅಲ್ಲೇ ಸತ್ತ ಧಾರವಾಡದ ಕಲೆಕ್ಟರ್. ಚೆನ್ನಮ್ಮನ ಕಥೆ ಕೇಳಿ ಬೆಳೆದವಳು ನಾನು, ಇವನಿಗಾಗಿ ದುಃಖ ಬರಲಿಲ್ಲ. ಆದರೆ ಈ ಕಲ್ಲಿಗೆ ಏನೂ ಆಗಬಾರದು. ಕಿತ್ತೂರು ಗೆದ್ದಿತ್ತು ಅನ್ನೋದಕ್ಕೆ ಸೋತವರೇ ನಿಲ್ಲಿಸಿದ ಸಾಕ್ಷಿ ಇದು.

ಬೆಳಕು ಹೋಗ್ತಿದೆ, ಬ್ಯಾಟರಿನೂ ಮುಗೀತಿದೆ. ಲಕ್ಕುಂಡಿಗೆ ನಿಲ್ಲೋ ಬಸ್ಸಿನ ಟೈಮ್ ಗೊತ್ತಿದ್ದವರು ಕೆಳಗೆ ಬರೆದು ಹಾಕಿ, ಬೇರೆಯವರಿಗೂ ಉಪಯೋಗ ಆಗುತ್ತೆ. ನಾವು ಪೇಡೆ ತಗೊಂಡು ಹುಬ್ಬಳ್ಳಿ ಬಸ್ಸು ಹಿಡೀತೀವಿ.