ಅಯುತ್ಥಯಕ್ಕೆ ಹೋದರೆ ರಾತ್ರಿ ಉಳಿಯಿರಿ

ಕೇಳುಗರಿಗೆಲ್ಲ ನಮಸ್ಕಾರ.

ಥಾಯ್ಲೆಂಡ್ ನೋಡಿ ಬಂದವರು ಈಗ ನಮ್ಮಲ್ಲಿ ಬೀದಿಗೆ ಇಬ್ಬರು ಸಿಗುತ್ತಾರೆ. ಬೆಂಗಳೂರಿನಲ್ಲಿ ರಾತ್ರಿ ವಿಮಾನ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬ್ಯಾಂಕಾಕ್. ಎರಡು ದಿನ ಅಲ್ಲಿ, ಎರಡು ದಿನ ಪಟ್ಟಾಯದಲ್ಲಿ, ಒಂದಿಷ್ಟು ಶಾಪಿಂಗ್, ವಾಪಸ್. "ಹಳೇ ರಾಜಧಾನಿ ಅಯುತ್ಥಯ ನೋಡಿದಿರಾ?" ಅಂತ ಕೇಳಿದರೆ, "ಓ, ಅದಾ? ಮಧ್ಯಾಹ್ನ ವ್ಯಾನಿನಲ್ಲಿ ಹೋಗಿ ಬಂದ್ವಿ" ಅನ್ನುತ್ತಾರೆ. ಅಲ್ಲಿಗೆ ನನ್ನ ತಾಳ್ಮೆ ಮುಗಿಯುತ್ತದೆ.

ನಾನು ಜನರನ್ನು ಆ ದೇಶಕ್ಕೆ ಕರೆದುಕೊಂಡು ಹೋಗಿ ಬರುವ ಕೆಲಸ ಮಾಡುವವನು. ಸಣ್ಣ ಬಜೆಟ್ಟಿನ ಪ್ರವಾಸದ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ನಾಲ್ಕು ಬೇಡ, ಒಂದೇ ಹೇಳುತ್ತೇನೆ. ಅಯುತ್ಥಯಕ್ಕೆ ಹೋದರೆ ರಾತ್ರಿ ಉಳಿಯಿರಿ. ಅದೂ ಒಂದು ಸಣ್ಣ ಗೆಸ್ಟ್ ಹೌಸಿನಲ್ಲಿ.

ಯಾಕೆ ಅಂತೀರಾ? ಮೊದಲನೆಯದು ಬಿಸಿಲು. ವ್ಯಾನಿನವರು ಬ್ಯಾಂಕಾಕಿನಿಂದ ಬೆಳಿಗ್ಗೆ ಹೊರಡುತ್ತಾರೆ. ದೂರ ಎಂಬತ್ತು ಕಿಲೋಮೀಟರ್. ಟ್ರಾಫಿಕ್ ದಾಟಿ, ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ, ನಿಮ್ಮನ್ನು ಇಳಿಸುವ ಹೊತ್ತಿಗೆ ನೆತ್ತಿ ಮೇಲೆ ಸೂರ್ಯ. ನೋಡಬೇಕಾದದ್ದೆಲ್ಲ ಬಯಲಿನಲ್ಲಿದೆ. ಇಟ್ಟಿಗೆ ಗೋಡೆ, ಇಟ್ಟಿಗೆ ನೆಲ, ಚಾವಣಿ ಅನ್ನುವುದೇ ಇಲ್ಲ. ಕಾದ ಹೆಂಚಿನ ಮೇಲೆ ನಡೆದ ಹಾಗೆ. ಮೂರು ದೇವಸ್ಥಾನ ನೋಡುವಷ್ಟರಲ್ಲಿ ಮಕ್ಕಳು ಅಳುತ್ತವೆ, ದೊಡ್ಡವರು ಎಸಿ ವ್ಯಾನ್ ಹುಡುಕುತ್ತಾರೆ. ಆಮೇಲೆ ಊರಿಗೆ ಬಂದು, "ಅಲ್ಲಿ ಬರೀ ಮುರಿದ ಇಟ್ಟಿಗೆ ಕಣ್ರೀ" ಅನ್ನುತ್ತಾರೆ.

ಬರೀ ಇಟ್ಟಿಗೆಯಲ್ಲ, ಸ್ವಾಮಿ. ನಾನೂರಕ್ಕೂ ಹೆಚ್ಚು ವರ್ಷ ಅದು ರಾಜಧಾನಿಯಾಗಿತ್ತು. ಹದಿನಾಲ್ಕನೇ ಶತಮಾನದ ನಡುವೆ ಕಟ್ಟಿದ್ದು, 1767ರಲ್ಲಿ ಬರ್ಮಾದ ಸೈನ್ಯ ಸುಟ್ಟದ್ದು. ಚಾವೊ ಫ್ರಯ, ಪಾಸಕ್, ಲೋಪ್‌ಬುರಿ ಅಂತ ಮೂರು ನದಿಗಳು ಸುತ್ತಿಕೊಂಡು ಊರನ್ನು ದ್ವೀಪ ಮಾಡಿವೆ. ಚೀನಾ, ಜಪಾನ್, ಪರ್ಷಿಯಾ, ಪೋರ್ಚುಗಲ್, ಹಾಲೆಂಡಿನ ವ್ಯಾಪಾರಿಗಳು ಹಡಗಿನಲ್ಲಿ ಬಂದು ಇಲ್ಲಿ ಬೀಡು ಬಿಟ್ಟಿದ್ದರು. ಊರು ಸುಟ್ಟು ಹೋದ ಮೇಲೆ ಇಲ್ಲಿನ ಇಟ್ಟಿಗೆಯನ್ನೇ ದೋಣಿಗಳಲ್ಲಿ ಸಾಗಿಸಿ ಹೊಸ ರಾಜಧಾನಿ ಬ್ಯಾಂಕಾಕಿನ ಗೋಡೆಗೆ ಬಳಸಿದರು. ಉಳಿದದ್ದನ್ನು 1991ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಂಪಿಯನ್ನು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನೋಡಿ ಬಂದವರನ್ನು ನೀವು ಹಂಪಿ ನೋಡಿದವರು ಅಂತ ಒಪ್ಪುತ್ತೀರಾ? ಇಲ್ಲ ಅಲ್ವಾ?

ರಾತ್ರಿ ಉಳಿದವರಿಗೆ ಆ ಊರಿನ ಎರಡು ಒಳ್ಳೆಯ ಹೊತ್ತು ಸಿಗುತ್ತವೆ. ಒಂದು ಬೆಳಿಗ್ಗೆ ಎಂಟು ಗಂಟೆ, ಬಾಗಿಲು ತೆಗೆಯುವ ಹೊತ್ತು. ವಾಟ್ ಅಂದರೆ ದೇವಸ್ಥಾನ. ವಾಟ್ ಮಹಾಥಾಟ್‌ನಲ್ಲಿ ಮರದ ಬೇರು ಸುತ್ತಿಕೊಂಡಿರುವ ಬುದ್ಧನ ತಲೆಯ ಮುಂದೆ ಆಗ ಜನ ಇರುವುದಿಲ್ಲ. ಫೋಟೋ ತೆಗೆಸಿಕೊಳ್ಳುವುದಾದರೆ ಕೂತು ತೆಗೆಸಿಕೊಳ್ಳಿ. ನಿಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು, ಕಾವಲಿನವರು ಬೈಯುತ್ತಾರೆ. ಇನ್ನೊಂದು ಒಳ್ಳೆಯ ಹೊತ್ತು ಸಂಜೆ. ನದಿಯ ಆಚೆ ದಡದಲ್ಲಿ ವಾಟ್ ಚೈವತ್ತನಾರಾಮ್ ಇದೆ, 1630ರಲ್ಲಿ ಪ್ರಾಸಾತ್ ಥಾಂಗ್ ಅನ್ನುವ ರಾಜ ಕಟ್ಟಿಸಿದ್ದು. ಅದರ ಬೆನ್ನಿಗೆ ಸೂರ್ಯ ಇಳಿಯುತ್ತಾನೆ. ಥಾಯ್ ಹುಡುಗ ಹುಡುಗಿಯರು ಹಳೇ ಕಾಲದ ಉಡುಪು ಬಾಡಿಗೆಗೆ ತೊಟ್ಟು ಓಡಾಡುತ್ತಿರುತ್ತಾರೆ. ವ್ಯಾನಿನವರು ಆ ಹೊತ್ತಿಗೆ ಬ್ಯಾಂಕಾಕಿನ ಟ್ರಾಫಿಕ್ಕಿನಲ್ಲಿರುತ್ತಾರೆ. ಅದಕ್ಕೇ ಹೇಳಿದ್ದು, ರಾತ್ರಿ ಉಳಿಯಿರಿ.

ಎಲ್ಲಿ ಉಳಿಯುವುದು? ನರೇಸುವನ್ ರಸ್ತೆಯ ಎರಡನೇ ಗಲ್ಲಿಯಲ್ಲಿ, ಚಾವೊ ಫ್ರೋಮ್ ಮಾರುಕಟ್ಟೆಯ ಹತ್ತಿರ, ಸಾಲಾಗಿ ಗೆಸ್ಟ್ ಹೌಸುಗಳಿವೆ. ಕೆಲವು ಹಳೇ ಮರದ ಮನೆಗಳು. ಮನೆಯವರು ಕೆಳಗೆ, ನೀವು ಮೇಲೆ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಅಂಗಳದಲ್ಲಿ ಕಂಬದ ಮೇಲೆ ಒಂದು ಪುಟ್ಟ ಗುಡಿ ಇರುತ್ತದೆ, ಆ ಜಾಗ ಕಾಯುವ ದೈವಕ್ಕೆ. ಅದರ ಮುಂದೆ ಹೂವು, ಊದುಬತ್ತಿ, ಕೆಂಪು ಸೋಡಾದ ಬಾಟಲಿ, ಅದಕ್ಕೊಂದು ಸ್ಟ್ರಾ. ನಗಬೇಡಿ. ನಮ್ಮಲ್ಲೂ ದೈವಕ್ಕೆ ಎಳನೀರು ಇಡುವುದಿಲ್ಲವೇ?

ಫ್ಯಾನ್ ರೂಮು ಮುನ್ನೂರು, ನಾನೂರು ಬಾತಿಗೆ ಸಿಗುತ್ತದೆ. ಎಸಿ ಬೇಕಾದರೆ ಆರುನೂರು, ಎಂಟುನೂರು. ಬಾತ್ ಅಂದರೆ ಅಲ್ಲಿನ ದುಡ್ಡು, ಒಂದಕ್ಕೆ ಎರಡೂವರೆ ಮೂರು ರೂಪಾಯಿ ಅಂತ ಲೆಕ್ಕ ಹಾಕಿ. ಕಡಿಮೆ ದುಡ್ಡಿನ ರೂಮು ಅಂದರೆ ಗಲೀಜು ಅಂತ ನಮ್ಮವರ ತಲೆಯಲ್ಲಿ ಕೂತಿದೆ. ಅಲ್ಲಿ ಹಾಗಲ್ಲ. ರೂಮು ಚಿಕ್ಕದು, ಟವೆಲ್ ತೆಳ್ಳಗೆ, ಮರದ ನೆಲ ಕಿರ್ ಅನ್ನುತ್ತದೆ. ಆದರೆ ಹಾಸಿಗೆ ಬಟ್ಟೆ ಬೆಳ್ಳಗಿರುತ್ತದೆ. ಬಚ್ಚಲಿನಲ್ಲಿ ಬಕೆಟ್ಟು ಚೊಂಬು ಹುಡುಕಬೇಡಿ, ಇರುವುದಿಲ್ಲ. ಆದರೆ ಪಾಯಿಖಾನೆಯಲ್ಲಿ ನೀರಿನ ಪೈಪು ಇರುತ್ತದೆ, ಚಿಂತೆ ಬೇಡ. ಬಿಸಿನೀರು ಬೇಕಾದವರು ರೂಮು ಒಪ್ಪಿಕೊಳ್ಳುವ ಮುಂಚೆ ಗೋಡೆ ಮೇಲೆ ಹೀಟರ್ ಡಬ್ಬ ಇದೆಯಾ ನೋಡಿ. ರೂಮು ನೋಡಿಯೇ ದುಡ್ಡು ಕೊಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಲ್ಲಿ ನಿಮಗೆ ನಮ್ಮ ಮೇಷ್ಟ್ರ ವಿಷಯ ಹೇಳಲೇಬೇಕು.

ಹಾಸನದ ಕಡೆಯವರು. ರಿಟೈರಾದ ಹೆಡ್‌ಮಾಸ್ಟರು. ಹೆಂಡತಿಯ ಜೊತೆ ನಮ್ಮ ಗುಂಪಿನಲ್ಲಿ ಬಂದಿದ್ದರು. ಬಂದ ಗಳಿಗೆಯಿಂದ ಗೊಣಗಾಟ. "ಬ್ಯಾಂಕಾಕಿನಲ್ಲಿ ಲಿಫ್ಟ್ ಇರುವ ಹೋಟೆಲ್ ಬಿಟ್ಟು ಈ ಮರದ ಅಟ್ಟಕ್ಕೆ ಯಾಕ್ರೀ ಕರ್ಕೊಂಡು ಬಂದ್ರಿ?" ಅಂತ. ನಾನು ಸುಮ್ನಿದ್ದೆ.

ರಾತ್ರಿ ಹನ್ನೊಂದರ ಹೊತ್ತು. ಗೋಡೆಯೊಳಗಿಂದ ಬಂದ ಹಾಗೆ ಒಂದು ಕೂಗು. "ತುಕ್... ಕೇ! ತುಕ್... ಕೇ!" ಸಣ್ಣ ಸದ್ದಲ್ಲ, ಯಾರೋ ಬಾಗಿಲ ಹಿಂದೆ ನಿಂತು ಕರೆದ ಹಾಗೆ. ಮೇಷ್ಟ್ರು ಪಂಚೆ ಎತ್ತಿಕಟ್ಟಿಕೊಂಡು ದಡದಡ ಇಳಿದು ಬಂದರು. ಕೆಳಗೆ ಯಜಮಾನಿ ಟಿವಿ ನೋಡುತ್ತಾ ಕೂತಿದ್ದರು, ಅರವತ್ತು ದಾಟಿದ ಹೆಂಗಸು. ಬಂದವರೆಲ್ಲ ಅವರನ್ನು "ಪಾ" ಅನ್ನುತ್ತಾರೆ, ಅತ್ತೆ ದೊಡ್ಡಮ್ಮನಂತೆ. ಇವರಿಗೆ ಥಾಯ್ ಬಾರದು, ಅವರಿಗೆ ಇಂಗ್ಲಿಷ್ ಬಾರದು. ನಾನು ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ, ಬೇಕೆಂದೇ ಬಾಯಿ ಬಿಡಲಿಲ್ಲ.

ಪಾ ಟಾರ್ಚು ತಂದು ಸೂರಿನ ಕಡೆ ಬಿಟ್ಟರು. ಅಲ್ಲಿತ್ತು, ಒಂದು ಅಡಿ ಉದ್ದದ ಹಲ್ಲಿ. ನೀಲಿ ಮೈ, ಮೇಲೆ ಕಿತ್ತಳೆ ಬಣ್ಣದ ಚುಕ್ಕೆ. ಆ ದೇಶದ ಹಳೇ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಹುಳ, ಜಿರಲೆ ತಿಂದುಕೊಂಡಿರುತ್ತದೆ, ನಮ್ಮ ತಂಟೆಗೆ ಬರುವುದಿಲ್ಲ. ಅದು ಮತ್ತೆ ಕೂಗಲು ಶುರು ಮಾಡಿತು. ಪಾ ಒಂದೊಂದೇ ಬೆರಳು ಮಡಿಸುತ್ತಾ ಎಣಿಸಿದರು. ಮೇಷ್ಟ್ರೂ ಸೇರಿಕೊಂಡರು, ಮೂವತ್ತು ವರ್ಷ ಮಗ್ಗಿ ಹೇಳಿಸಿದವರಲ್ವಾ! ಅವರು "ಸಾಮ್, ಸೀ, ಹಾ" ಅಂದರೆ ಇವರು "ಮೂರು, ನಾಲ್ಕು, ಐದು". ಆರಕ್ಕೆ ಹಲ್ಲಿ ನಿಲ್ಲಿಸಿಬಿಟ್ಟಿತು. ಪಾ ಮುಖ ಸಪ್ಪಗಾಯಿತು. ಇನ್ನೊಂದು ಬೆರಳು ತೋರಿಸಿ, ಏಳಾಗಬೇಕಿತ್ತು, ಆಗಿದ್ದರೆ ಒಳ್ಳೇದು ಅನ್ನುವ ಹಾಗೆ ಕೈ ಆಡಿಸಿದರು. ಇಬ್ಬರೂ ಸೂರು ನೋಡುತ್ತಾ ಕಾಯುತ್ತಾ ಕೂತರು. ಕಾಲು ಗಂಟೆ!

ಅಷ್ಟರಲ್ಲಿ ಟ್ಯೂಬ್‌ಲೈಟ್ ಹತ್ತಿರ ಒಂದು ಸಣ್ಣ ಹಲ್ಲಿ, ನಮ್ಮ ಮನೆಯದೇ ಜಾತಿಯದು, ಲೊಚ್ ಲೊಚ್ ಅಂದಿತು. ಮೇಷ್ಟ್ರ ಬೆರಳು ತಾನಾಗಿ ಮೇಜಿಗೆ ಹೋಯಿತು. ಟಕ್ ಟಕ್. "ಕೃಷ್ಣ ಕೃಷ್ಣ." ಪಾ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದರು. ಆಮೇಲೆ ಎದ್ದು ಒಂದು ನಾಟಕವನ್ನೇ ಆಡಿ ತೋರಿಸಿದರು. ಚೀಲ ಹೆಗಲಿಗೆ ಹಾಕಿದ ಹಾಗೆ, ಹೊಸ್ತಿಲು ದಾಟಿದ ಹಾಗೆ, ಹಲ್ಲಿ ನುಡಿದ ಹಾಗೆ, ಚೀಲ ಕೆಳಗಿಟ್ಟು ಕೂತ ಹಾಗೆ. ಹೊರಡುವಾಗ ಹಲ್ಲಿ ನುಡಿದರೆ ಥಾಯ್ ಜನ ಹೊರಡುವುದಿಲ್ಲ. ಮೇಷ್ಟ್ರು, "ಅರೆ, ನಮ್ಮ ಪಂಚಾಂಗದಲ್ಲಿ ಇದಕ್ಕೆ ಒಂದು ಪುಟವೇ ಇದೆ!" ಅಂತ ಕನ್ನಡದಲ್ಲೇ ಶುರು ಮಾಡಿದರು. ಬಲಭುಜದ ಮೇಲೆ ಬಿದ್ದರೆ ಏನು, ತಲೆ ಮೇಲೆ ಬಿದ್ದರೆ ಏನು, ಎಲ್ಲ ಹೇಳಿದರು. ಪಾ ಎಲ್ಲಕ್ಕೂ ತಲೆ ಆಡಿಸಿದರು. ನಾನು ಮಲಗಲು ಹೋದೆ, ಅವರ ಮಾತು ಮುಗಿದಿರಲಿಲ್ಲ.

ಮಾರನೇ ಬೆಳಿಗ್ಗೆ ಪಾ ಮೇಷ್ಟ್ರನ್ನೂ ಅವರ ಮನೆಯ ಅಮ್ಮನವರನ್ನೂ ಆರು ಗಂಟೆಗೇ ಎಬ್ಬಿಸಿ ಬೀದಿಗೆ ಕರೆದುಕೊಂಡು ಹೋದರು. ಬರಿಗಾಲಿನ ಭಿಕ್ಷುಗಳು ಪಾತ್ರೆ ಹಿಡಿದು ಬರುವ ಹೊತ್ತು. ಅಮ್ಮನವರ ಕೈಯಲ್ಲೇ ಅನ್ನ ಹಾಕಿಸಿದರು. ಇನ್ನು ಹೊರಡಬೇಕು, ಚೀಲ ಎತ್ತಿದೆವು. ಹಲ್ಲಿ ನುಡಿಯಿತು. ಸುಳ್ಳಲ್ಲ! ಪಾ ಓಡಿ ಬಂದು ಮೇಷ್ಟ್ರ ಚೀಲ ಕಿತ್ತುಕೊಂಡರು. ಮೇಷ್ಟ್ರು ಖುಷಿಯಾಗಿ ಕೂತುಬಿಟ್ಟರು. ನಮ್ಮ ರೈಲು ಹೋಯಿತು. ಮುಂದಿನ ರೈಲೂ ತಡವಾಗಿಯೇ ಬಂತು, ಅದು ಬೇರೆ ವಿಷಯ. ದೊಡ್ಡ ಹೋಟೆಲಿನ ರಿಸೆಪ್ಷನ್ನಿನಲ್ಲಿ ಇದೆಲ್ಲ ಸಿಗುತ್ತದೆಯೇ? ಚೆಕೌಟ್ ಹನ್ನೊಂದು ಗಂಟೆ, ಕೀ ಕೊಡಿ, ನಡೀರಿ. ಅಷ್ಟೇ.

ಅಯ್ಯೋ, ಗಡಿಯಾರ ನೋಡಲೇ ಇಲ್ಲ. ಊಟದ ಬಗ್ಗೆ, ಮ್ಯೂಸಿಯಮ್ಮಿನ ಬಗ್ಗೆ ಬರೆದುಕೊಂಡು ಬಂದಿದ್ದೆ. ಬೇಗ ಬೇಗ ಹೇಳಿಬಿಡುತ್ತೇನೆ.

ಸಸ್ಯಾಹಾರಿಗಳು "ಜೇ" ಅಂತ ಕೇಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ನೋಡಿ. ಬರೀ ತರಕಾರಿ ಅಂದರೆ ಮೀನಿನ ಸಾಸ್ ಹಾಕಿಯೇ ಕೊಡುತ್ತಾರೆ, ಅವರ ಲೆಕ್ಕದಲ್ಲಿ ಅದು ಉಪ್ಪು ಇದ್ದ ಹಾಗೆ. ಸಿಹಿಗೆ ರೋಟಿ ಸಾಯ್ ಮಾಯ್ ಇದೆ. ತೆಳ್ಳನೆ ರೊಟ್ಟಿಯಲ್ಲಿ ಸಕ್ಕರೆಯ ಎಳೆ ಸುತ್ತಿ ತಿನ್ನುವುದು. ಅಲ್ಲಿನ ಮುಸ್ಲಿಮರ ಕೈಗುಣ. ಬಿಡಬೇಡಿ.

ವಾಟ್ ರಾಚಬುರಾಣದ ನೆಲಮಾಳಿಗೆಗೆ ಇಳಿಯಿರಿ. ಸಿಂಹಾಸನಕ್ಕಾಗಿ ಆನೆ ಮೇಲೆ ಕಾದಾಡಿ ಇಬ್ಬರೂ ಸತ್ತ ಅಣ್ಣತಮ್ಮಂದಿರಿಗಾಗಿ ಮೂರನೇ ತಮ್ಮ ಕಟ್ಟಿಸಿದ್ದು, 1424ರಲ್ಲಿ. 1957ರಲ್ಲಿ ಕಳ್ಳರು ಅಲ್ಲಿಂದ ಚಿನ್ನ ಕದ್ದರು. ಉಳಿದದ್ದು ಚಾವೊ ಸಾಮ್ ಫ್ರಯ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಬಿಸಿಲು ಜಾಸ್ತಿ ಇರುವ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಏಪ್ರಿಲ್‌ನಲ್ಲಿ ಫ್ಯಾನ್ ರೂಮು ಬೇಡ, ಬೆಂದುಹೋಗುತ್ತೀರಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನದಿ ಉಕ್ಕುತ್ತದೆ. 2011ರಲ್ಲಿ ಈ ದೇವಸ್ಥಾನಗಳೆಲ್ಲ ನೀರಿನಲ್ಲಿ ನಿಂತಿದ್ದವು. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಮೂರು ಕಡ್ಡಿಯ ನಮ್ಮ ದಪ್ಪ ಪ್ಲಗ್ ಅಲ್ಲಿ ಹೋಗುವುದಿಲ್ಲ, ಎರಡು ಕಡ್ಡಿಯದು ಒಯ್ಯಿರಿ. ಆ ದೇಶ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಪ್ರವೇಶ ಕಾರ್ಡ್ ತುಂಬಬೇಕು. ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳಿದ ವೆಬ್‌ಸೈಟನ್ನು ಮುಚ್ಚಿಬಿಡಿ. ಅದರಲ್ಲಿ ಉಳಿಯುವ ಜಾಗದ ವಿಳಾಸ ಕೇಳುತ್ತಾರೆ.

ಬ್ಯಾಂಕಾಕಿನಿಂದ ರೈಲಿನಲ್ಲೇ ಹೋಗಿ. ಮೂರನೇ ದರ್ಜೆಗೆ ಇಪ್ಪತ್ತು ಬಾತ್ ಆಸುಪಾಸು, ಕಿಟಕಿ ಪೂರ್ತಿ ತೆಗೆಯಬಹುದು. ಸ್ಟೇಷನ್ ಇರುವುದು ದ್ವೀಪದ ಆಚೆ. ಎದುರಿನ ರಸ್ತೆ ಹಿಡಿದು ನೇರ ನಡೆದರೆ ದೋಣಿಕಟ್ಟೆ, ಪಾಸಕ್ ದಾಟಿಸಲು ಹತ್ತು ಬಾತಿನಷ್ಟು ಕೊಟ್ಟರೆ ಸಾಕು. ಕತ್ತಲಾದ ಮೇಲೆ ದೋಣಿ ಇರುವುದಿಲ್ಲ. ತಡವಾದರೆ ಟುಕ್ ಟುಕ್ ಹಿಡಿಯಿರಿ, ಹತ್ತುವ ಮುಂಚೆ ದರ ಮಾತಾಡಿಕೊಳ್ಳಿ. ನಮಸ್ಕಾರ.